ಹನ್ನೊಂದು ವರ್ಷ ಕಾದ ಅಲಾರಂ

1981ರ ಆಗಸ್ಟ್‌ನಲ್ಲಿ ಮಾರುಕಟ್ಟೆಗೆ ಬಂದ ಐಬಿಎಂ ಪಿಸಿಗೆ ತಾರೀಕು ಗೊತ್ತಿರಲಿಲ್ಲ. ಸ್ವಿಚ್ ಹಾಕಿದಾಗೆಲ್ಲ ಅದರ ಡಾಸ್ ತಾರೀಕು ಕೇಳುತ್ತಿತ್ತು. ಉತ್ತರ ಕೊಡದೆ ಎಂಟರ್ ಒತ್ತಿದರೆ 1980ರ ಜನವರಿ 1 ಎಂದೇ ಲೆಕ್ಕ ಹಿಡಿದು ಕೆಲಸ ಶುರು ಮಾಡುತ್ತಿತ್ತು. ಕರೆಂಟು ಹೋದ ಕ್ಷಣವೇ ಅದರ ಗಡಿಯಾರವೂ ಸಾಯುತ್ತಿತ್ತು.

ಇಂದು ಅದೇ ವಂಶದ ಕಂಪ್ಯೂಟರಿಗೆ ರಾತ್ರಿ ಹತ್ತಕ್ಕೆ ಮಲಗಿ ಬೆಳಿಗ್ಗೆ ಆರಕ್ಕೆ ಏಳಬೇಕೆಂದು ಹೇಳಿಟ್ಟರೆ ಸಾಕು. ಪ್ರೊಸೆಸರ್, ಡಿಸ್ಕು, ಫ್ಯಾನು ಎಲ್ಲವೂ ನಿಂತುಹೋಗಿ, ಹೇಳಿದ ಹೊತ್ತಿಗೆ ತಾನೇ ಎದ್ದು ಕೂರುತ್ತದೆ. ಈ ಗುಣವನ್ನು ಯಾರೋ ಒಬ್ಬರು ಒಂದು ದಿನ ಕಂಡುಹಿಡಿದರು ಎನ್ನುವಂತಿಲ್ಲ. ಬೇರೆ ಬೇರೆ ಊರುಗಳಲ್ಲಿ, ಬೇರೆ ಬೇರೆ ಉದ್ದೇಶಕ್ಕೆ ಸಿಕ್ಕ ತುಂಡುಗಳು ಸುಮಾರು ನಲವತ್ತೈದು ವರ್ಷಗಳಲ್ಲಿ ಒಂದಕ್ಕೊಂದು ಕೂಡಿಕೊಂಡವು. ಉಳಿದೆಲ್ಲವೂ ನೆಮ್ಮದಿಯಾಗಿ ಮಲಗಬೇಕಾದರೆ ಯಾವುದೋ ಒಂದು ಸಣ್ಣ ಭಾಗ, ಹೆಚ್ಚುಕಡಿಮೆ ಖರ್ಚೇ ಇಲ್ಲದೆ, ಎಚ್ಚರವಾಗಿರಬೇಕು. ಇಡೀ ಹುಡುಕಾಟ ನಡೆದದ್ದು ಆ ಸಣ್ಣ ಭಾಗಕ್ಕಾಗಿ.

ಮೊದಲ ತುಂಡು ಸಿಕ್ಕಿದ್ದು 1963ರಲ್ಲಿ, ಕ್ಯಾಲಿಫೋರ್ನಿಯಾದ ಫೇರ್‌ಚೈಲ್ಡ್ ಸೆಮಿಕಂಡಕ್ಟರ್ ಕಂಪನಿಯಲ್ಲಿ. ಅಲ್ಲಿನ ಎಂಜಿನಿಯರ್ ಫ್ರಾಂಕ್ ವಾನ್ಲಾಸ್ ಎರಡು ಬಗೆಯ ಟ್ರಾನ್ಸಿಸ್ಟರುಗಳನ್ನು ಜೋಡಿ ಮಾಡಿ ಒಂದು ಪುಟ್ಟ ಸರ್ಕ್ಯೂಟು ಕಟ್ಟಿದರು. ಒಂದೇ ಕಾಲುವೆಗೆ ಎರಡು ತೂಬುಗಳಿದ್ದು, ಒಂದನ್ನು ಎತ್ತಿದಾಗ ಇನ್ನೊಂದು ಇಳಿಯುವಂತೆ ಕಟ್ಟಿಟ್ಟರೆ ನೀರು ಉದ್ದಕ್ಕೂ ಹರಿದುಹೋಗುವುದೇ ಇಲ್ಲ. ವಾನ್ಲಾಸರ ಜೋಡಿಯೂ ಹಾಗೆಯೇ. ಸ್ಥಿತಿ ಬದಲಾಗುವ ಗಳಿಗೆಯಲ್ಲಿ ಮಾತ್ರ ಅದು ವಿದ್ಯುತ್ತು ಎಳೆಯುತ್ತದೆ. ಸುಮ್ಮನಿದ್ದಾಗ ಆಗಿನ ಬೇರೆ ಸರ್ಕ್ಯೂಟುಗಳು ಮಿಲಿವ್ಯಾಟುಗಳನ್ನು ನುಂಗುತ್ತಿದ್ದರೆ ಇದಕ್ಕೆ ಕೆಲವೇ ನ್ಯಾನೋವ್ಯಾಟು ಸಾಕಾಯಿತು. ಅಂದರೆ ಹತ್ತು ಲಕ್ಷದಲ್ಲಿ ಒಂದು ಪಾಲಿನ ಲೆಕ್ಕ. ಸಿಮಾಸ್ ಎಂಬ ಈ ವಿಧಾನಕ್ಕೆ 1967ರಲ್ಲಿ ಪೇಟೆಂಟ್ ಸಿಕ್ಕಿತು. ವೇಗ ಸಾಲದೆಂದು ಅನೇಕರು ಅದನ್ನು ಬದಿಗಿಟ್ಟರು. ಗಡಿಯಾರದಂಥ, ಅವಸರವಿಲ್ಲದ, ಆದರೆ ಎಂದೂ ನಿಲ್ಲಬಾರದ ಕೆಲಸಕ್ಕೆ ಅದಕ್ಕಿಂತ ಒಳ್ಳೆಯದು ಇರಲಿಲ್ಲ.

ಎರಡನೆಯ ತುಂಡು ಬಂದದ್ದು ಕೈಗಡಿಯಾರದಿಂದ. ಬೆಣಚುಕಲ್ಲಿನ ಹರಳನ್ನು, ಅಂದರೆ ಕ್ವಾರ್ಟ್ಸನ್ನು, ಒತ್ತಿದರೆ ವಿದ್ಯುತ್ತು ಹುಟ್ಟುತ್ತದೆಂದು ಪಿಯರ್ ಮತ್ತು ಜಾಕ್ ಕ್ಯೂರಿ ಸೋದರರು 1880ರಲ್ಲೇ ತೋರಿಸಿದ್ದರು. 1927ರಲ್ಲಿ ಬೆಲ್ ಪ್ರಯೋಗಾಲಯದ ವಾರೆನ್ ಮ್ಯಾರಿಸನ್ ಮತ್ತು ಜೆ. ಡಬ್ಲ್ಯು. ಹಾರ್ಟನ್ ಅದರಿಂದ ಗಡಿಯಾರ ಮಾಡಿದರು. ಅದನ್ನು ಮಣಿಕಟ್ಟಿಗೆ ತಂದದ್ದು ಸೀಕೋ ಕಂಪನಿಯ ಆಸ್ಟ್ರಾನ್. 1969ರ ಡಿಸೆಂಬರ್ 25ರಂದು ಟೋಕಿಯೋದಲ್ಲಿ ಮಾರಾಟಕ್ಕೆ ಬಂದ ಆ ಗಡಿಯಾರದ ಹರಳು ಸೆಕೆಂಡಿಗೆ 8,192 ಸಲ ಕಂಪಿಸುತ್ತಿತ್ತು. ಅದೇ ಕಾಲಕ್ಕೆ ಅಮೆರಿಕದಲ್ಲಿ ಯುರ್ಗನ್ ಸ್ಟೌಟೆ ಎಂಬ ಎಂಜಿನಿಯರ್, ಚಿಪ್ಪು ತಯಾರಿಸುವಂತೆಯೇ ಬೆಳಕಿನಿಂದ ಅಚ್ಚು ಹಾಕಿ, ಶ್ರುತಿಕವೆಯ ಆಕಾರದ ಪುಟ್ಟ ಹರಳುಗಳನ್ನು ರಾಶಿಗಟ್ಟಲೆ ಮಾಡುವ ದಾರಿ ಕಂಡುಕೊಂಡರು. ಹರಳು ಅಗ್ಗವಾಯಿತು. ಮುಂದೆ ನೆಲೆನಿಂತ ಸಂಖ್ಯೆ ಸೆಕೆಂಡಿಗೆ 32,768. ಇದು ಎರಡರ ಹದಿನೈದನೇ ಘಾತ. ಹದಿನೈದು ಸಲ ಅರ್ಧ ಮಾಡುತ್ತ ಹೋದರೆ ಸರಿಯಾಗಿ ಸೆಕೆಂಡಿಗೆ ಒಂದು ಮಿಡಿತ ಉಳಿಯುತ್ತದೆ. ಕಿವಿಗೆ ಕೇಳದಷ್ಟು ಮೇಲಿನ, ಆದರೆ ಸಿಮಾಸ್ ಹೆಚ್ಚು ವಿದ್ಯುತ್ತು ಎಳೆಯದಷ್ಟು ಕೆಳಗಿನ ಕಂಪನ ಅದು. ನಿಧಾನದ ಹರಳು, ಸುಮ್ಮನಿದ್ದಾಗ ಖರ್ಚಿಲ್ಲದ ಸರ್ಕ್ಯೂಟು: ಎರಡೂ ಸೇರಿದಾಗ ನಾಣ್ಯದಷ್ಟು ಬ್ಯಾಟರಿಯಲ್ಲಿ ವರ್ಷಗಟ್ಟಲೆ ನಡೆಯುವ ಗಡಿಯಾರ ಸಾಧ್ಯವಾಯಿತು.

ಪಿಸಿಗೆ ಇದು ಮೊದಲು ಬಂದದ್ದು ಹೊರಗಿನಿಂದ. ಎಎಸ್‌ಟಿ ಕಂಪನಿಯ ಸಿಕ್ಸ್‌ಪ್ಯಾಕ್ ಪ್ಲಸ್‌ನಂಥ ಕಾರ್ಡುಗಳಲ್ಲಿ ಹೆಚ್ಚುವರಿ ಮೆಮೊರಿಯ ಜೊತೆಗೆ ಬ್ಯಾಟರಿ ಗಡಿಯಾರವೂ ಇರುತ್ತಿತ್ತು. ಐಬಿಎಂ ತಾನೇ ಅದನ್ನು ಒಳಗಿಟ್ಟದ್ದು 1984ರ ಆಗಸ್ಟ್‌ನಲ್ಲಿ, ಪಿಸಿ ಎಟಿ ಮಾದರಿಯಲ್ಲಿ. ಅದಕ್ಕೆ ಆರಿಸಿಕೊಂಡದ್ದು ಮೊಟೊರೋಲಾದ ಎಂಸಿ146818 ಚಿಪ್ಪು. ಅದರಲ್ಲಿದ್ದದ್ದು ಒಟ್ಟು 64 ಬೈಟು. ಮೊದಲ 14 ಗಡಿಯಾರಕ್ಕೆ ಮತ್ತು ಅದರ ನಿಯಂತ್ರಣಕ್ಕೆ, ಉಳಿದ 50 ಯಂತ್ರದ ಸೆಟ್ಟಿಂಗುಗಳನ್ನು ನೆನಪಿಡುವುದಕ್ಕೆ. ಆ ಹದಿನಾಲ್ಕರಲ್ಲಿ ಮೂರು ಬೈಟು ಅಲಾರಮ್ಮಿನವು: ಸೆಕೆಂಡು, ನಿಮಿಷ, ಗಂಟೆ. ಗಡಿಯಾರ ಆ ಮೂರಕ್ಕೂ ಸರಿಹೊಂದಿದ ಕ್ಷಣ ಚಿಪ್ಪು ತನ್ನ ಒಂದು ಕಾಲಿನಿಂದ ಸಂಕೇತ ಕೊಡುತ್ತಿತ್ತು.

ಸಂಕೇತ ಬಂದರೂ ಕೇಳಿಸಿಕೊಳ್ಳುವವರು ಬೇಕಲ್ಲ! ಎಟಿಯ ಬದಿಯಲ್ಲಿದ್ದ ದಪ್ಪ ಕೆಂಪು ಸ್ವಿಚ್ಚು ಕರೆಂಟನ್ನು ಪೂರ್ತಿ ಕತ್ತರಿಸುತ್ತಿತ್ತು. ಆಮೇಲೆ ಬ್ಯಾಟರಿಯ ಮೇಲೆ ಗಡಿಯಾರವೇನೋ ನಡೆಯುತ್ತಿತ್ತು. ಆದರೆ ಅದು ಎಷ್ಟೇ ಕೂಗಿದರೂ ಪವರ್ ಸಪ್ಲೈಗೆ ಮುಟ್ಟುವ ದಾರಿಯೇ ಇರಲಿಲ್ಲ. ಹಾಗಾಗಿ ಅಲಾರಂ ಉಪಯೋಗಕ್ಕೆ ಬರುತ್ತಿದ್ದದ್ದು ಆಗಲೇ ಎಚ್ಚರವಾಗಿದ್ದ ಯಂತ್ರಕ್ಕೆ ಮಾತ್ರ.

ಅಂಗೈಯಗಲದ ಯಂತ್ರಗಳಲ್ಲಿ ಈ ಅಡ್ಡಿ ಇರಲಿಲ್ಲ. 1983ರ ಎಚ್‌ಪಿ-41ಸಿಎಕ್ಸ್ ಕ್ಯಾಲ್ಕುಲೇಟರ್ ಹೇಳಿದ ಹೊತ್ತಿಗೆ ತಾನೇ ಆನ್ ಆಗಿ, ಒಳಗೆ ಬರೆದಿಟ್ಟ ಪ್ರೋಗ್ರಾಮನ್ನು ನಡೆಸಬಲ್ಲದಾಗಿತ್ತು. ಅದರ ಆಫ್ ಗುಂಡಿ ಬ್ಯಾಟರಿಯನ್ನು ಕಡಿಯುತ್ತಿರಲಿಲ್ಲ, ನೆನಪೂ ಗಡಿಯಾರವೂ ಸದಾ ಜೀವಂತವಾಗಿರುತ್ತಿದ್ದವು. ಉತ್ತರ ಅಲ್ಲೇ ಇತ್ತು. ಗೋಡೆಯ ಪ್ಲಗ್ಗಿನಿಂದ ನಡೆಯುವ ದೊಡ್ಡ ಯಂತ್ರಕ್ಕೆ ಅದನ್ನು ತರಲು ಇನ್ನೂ ಕಾಯಬೇಕಾಯಿತು.

ಅದು ಬಂದದ್ದು 1995ರಲ್ಲಿ, ಇಂಟೆಲ್ ಪ್ರಕಟಿಸಿದ ಎಟಿಎಕ್ಸ್ ಮಾನದಂಡದೊಂದಿಗೆ. ಡೆಸ್ಕ್‌ಟಾಪಿನ ಮುಚ್ಚಳ ಬಿಚ್ಚಿ ಪವರ್ ಸಪ್ಲೈಯಿಂದ ಬರುವ ತಂತಿಗಳ ಕಟ್ಟನ್ನು ನೋಡಿ. ಅದರಲ್ಲಿ ಸಾಮಾನ್ಯವಾಗಿ ಒಂದು ನೇರಳೆ, ಒಂದು ಹಸಿರು. ಕಂಪ್ಯೂಟರ್ ಆಫ್ ಆಗಿದ್ದರೂ ಪ್ಲಗ್ಗಿನಲ್ಲಿ ಕರೆಂಟು ಇರುವವರೆಗೂ ನೇರಳೆ ತಂತಿಯಲ್ಲಿ 5 ವೋಲ್ಟು ಇದ್ದೇ ಇರುತ್ತದೆ. ಮದರ್‌ಬೋರ್ಡಿನ ಒಂದು ಚಿಕ್ಕ ಮೂಲೆ ಅದರಿಂದ ಎಚ್ಚರವಾಗಿರುತ್ತದೆ. ಅಲಾರಂ ಮೊಳಗಿದಾಗ ಆ ಮೂಲೆ ಹಸಿರು ತಂತಿಯನ್ನು ಶೂನ್ಯ ವೋಲ್ಟಿಗೆ ಎಳೆಯುತ್ತದೆ, ಪವರ್ ಸಪ್ಲೈ ಪೂರ್ತಿ ಶುರುವಾಗುತ್ತದೆ. 1984ರ ಅಲಾರಮ್ಮಿಗೆ ಹನ್ನೊಂದು ವರ್ಷ ಇಲ್ಲದೆ ಹೋದದ್ದು ಈ ಎರಡು ತಂತಿ.

1996ರ ಡಿಸೆಂಬರಿನಲ್ಲಿ ಇಂಟೆಲ್, ಮೈಕ್ರೋಸಾಫ್ಟ್, ತೋಷಿಬಾ ಸೇರಿ ಎಸಿಪಿಐ ಎಂಬ ನಿಯಮಾವಳಿ ಹೊರತಂದವು. ನಿದ್ರೆಗೆ ಹಂತಗಳು ಗೊತ್ತಾದವು: ಎಸ್3ರಲ್ಲಿ ಮೆಮೊರಿಗೆ ಮಾತ್ರ ಕರೆಂಟು ಉಳಿಯುತ್ತದೆ, ಎಸ್4ರಲ್ಲಿ ಎಲ್ಲವೂ ಡಿಸ್ಕಿಗೆ ಇಳಿದು ಮೆಮೊರಿಯೂ ಆರುತ್ತದೆ. ಗಡಿಯಾರದಿಂದ ಏಳಲು ಒಂದು ಗೊತ್ತಾದ ಬಿಟ್ ಮೀಸಲಾಯಿತು. ಹಳೆಯ ಅಲಾರಂ 24 ಗಂಟೆಯಾಚೆ ನೋಡಲಾರದೆಂದು ದಿನ ಮತ್ತು ತಿಂಗಳಿಗೂ ಜಾಗ ಕೊಟ್ಟರು.

ನಿಯಮ ಬಂದ ಮಾತ್ರಕ್ಕೆ ಕೀಲಿ ಬಳಕೆದಾರರ ಕೈಗೆ ಬರಲಿಲ್ಲ. ಅದನ್ನು ಹುಡುಕಿ ತೆಗೆದವರು ಟಿವಿ ಕಾರ್ಯಕ್ರಮ ರೆಕಾರ್ಡ್ ಮಾಡಲು ಮನೆಯಲ್ಲಿ ಲಿನಕ್ಸ್ ಯಂತ್ರ ಇಟ್ಟುಕೊಂಡಿದ್ದ ಹವ್ಯಾಸಿಗಳು. ರಾತ್ರಿ ಎರಡಕ್ಕೆ ಬರುವ ಸಿನಿಮಾಕ್ಕಾಗಿ ದಿನವಿಡೀ ಯಂತ್ರ ಓಡಿಸುವುದು ಅವರಿಗೆ ಒಪ್ಪಿಗೆಯಾಗಲಿಲ್ಲ. ಯಂತ್ರ ಶುರುವಾಗುವಾಗ ತೆರೆಯಬಹುದಾದ ಬಯಾಸ್ ಪರದೆಯಲ್ಲಿ ಏಳುವ ಸಮಯದ ಸೆಟ್ಟಿಂಗು ಇತ್ತು, ಆದರೆ ಅದು ಯಾವ ಬೈಟಿನಲ್ಲಿ ಕೂರುತ್ತದೆಂಬುದು ಒಂದೊಂದು ಬೋರ್ಡಿನಲ್ಲಿ ಒಂದೊಂದು ಬಗೆ. ಅವರು ಬಯಾಸಿನಲ್ಲಿ ಗಂಟೆಯನ್ನಷ್ಟೇ ಬದಲಿಸುವರು, ಬ್ಯಾಟರಿ ಮೆಮೊರಿಯ ಪ್ರತಿ ತೆಗೆಯುವರು; ನಿಮಿಷ ಬದಲಿಸುವರು, ಮತ್ತೊಂದು ಪ್ರತಿ. ಪ್ರತಿಗಳನ್ನು ಹೋಲಿಸಿ ಬದಲಾದ ಬೈಟುಗಳನ್ನು ಪತ್ತೆ ಹಚ್ಚಿದರು, ಅವುಗಳ ಮೊತ್ತವನ್ನು ಕಾಯುವ ಚೆಕ್‌ಸಮ್ ಬೈಟನ್ನೂ ಕಂಡುಕೊಂಡರು. ಎನ್‌ವಿರಾಮ್-ವೇಕಪ್ ಎಂಬ ಪ್ರೋಗ್ರಾಮು ಬೋರ್ಡು ಬೋರ್ಡಾಗಿ ಹೀಗೆ ಬೆಳೆಯಿತು. ಕೆಲವು ಬೋರ್ಡುಗಳು ಹೊಸ ಸಮಯವನ್ನು ಒಪ್ಪಿಕೊಳ್ಳಲು ಮಲಗುವ ಮುನ್ನ ಒಮ್ಮೆ ರೀಬೂಟ್ ಆಗಲೇಬೇಕಿತ್ತು. ಅದಕ್ಕೂ ಅವರು ದಾರಿ ಮಾಡಿದರು. ಈ ಕತೆಯ ಎಲ್ಲ ಶೋಧಗಳಲ್ಲಿ ನನಗೆ ಅತ್ಯಂತ ಪ್ರೀತಿಯದು ಇದೇ. ಪ್ರಯೋಗಾಲಯ, ಸಂಬಳ ಯಾವುದೂ ಇಲ್ಲದವರು ತಾಳ್ಮೆಯೊಂದರಿಂದಲೇ ಕಂಪನಿಗಳು ಹೇಳದೆ ಬಿಟ್ಟದ್ದನ್ನು ಓದಿ ತೆಗೆದರು.

ಬೋರ್ಡಿಗೊಂದು ಬಗೆಯ ಈ ಅಲಾರಮ್ಮಿಗೆ ಒಂದೇ ಬಾಗಿಲು ಕೊಟ್ಟವರು ಲಿನಕ್ಸ್ ಕರ್ನೆಲ್ಲಿಗೆ ಕೋಡು ಬರೆಯುತ್ತಿದ್ದ ಡೇವಿಡ್ ಬ್ರೌನೆಲ್. 2006ರಲ್ಲಿ ಅಲೆಸ್ಸಾಂಡ್ರೊ ಝುಮ್ಮೊ ಲಿನಕ್ಸ್ ಕರ್ನೆಲ್ಲಿನಲ್ಲಿ ಎಲ್ಲ ಬಗೆಯ ಗಡಿಯಾರ ಚಿಪ್ಪುಗಳಿಗೂ ಒಂದೇ ಚೌಕಟ್ಟು ಹಾಕಿದ್ದರು. ಮರುವರ್ಷ ಬ್ರೌನೆಲ್ ಪಿಸಿಯ ಹಳೆಯ ಗಡಿಯಾರವನ್ನು ಅದರೊಳಗೆ ತಂದರು, ಜೊತೆಗೆ ಆರ್‌ಟಿಸಿವೇಕ್ ಎಂಬ ಪುಟ್ಟ ಪ್ರೋಗ್ರಾಮು ಬರೆದರು. ಕರ್ನೆಲ್ಲಿಗೆ ಸೇರಿಸಿದ ಒಂದು ಬದಲಾವಣೆಯ ವಿವರಣೆಯಲ್ಲೇ ಅವರು ಅದರ ಇಡೀ ಕೋಡನ್ನು ಬರೆದಿಟ್ಟಿದ್ದರು. ಬರ್ನ್‌ಹಾರ್ಡ್ ವಾಲೆ ಅದನ್ನು ತಿದ್ದಿ ಬೆಳೆಸಿದರು. ಈಗ ಅದು ಬಹುತೇಕ ಪ್ರತಿ ಲಿನಕ್ಸಿನಲ್ಲೂ ಇದೆ. ಎಷ್ಟು ಸೆಕೆಂಡು, ಯಾವ ಹಂತದ ನಿದ್ರೆ ಎಂದು ಒಂದೇ ಸಾಲಿನಲ್ಲಿ ಹೇಳಿದರೆ ಅಲಾರಂ ಇಟ್ಟು ತಾನೇ ಮಲಗಿಸುತ್ತದೆ. 2011ರಲ್ಲಿ ಬ್ರೌನೆಲ್ ತೀರಿಕೊಂಡರು. ಅದೇ ವರ್ಷ ಜಾನ್ ಸ್ಟಲ್ಟ್ಸ್, ಆಂಡ್ರಾಯ್ಡ್ ತಂಡ ಮಾಡಿದ್ದ ಕೆಲಸದ ಜಾಡು ಹಿಡಿದು, ಮಲಗಿದ ಯಂತ್ರವನ್ನು ಎಬ್ಬಿಸುವ ಟೈಮರುಗಳನ್ನು ಲಿನಕ್ಸ್ 3.0ರಲ್ಲಿ ಸೇರಿಸಿದರು.

ನಮ್ಮಲ್ಲಿ ಇದನ್ನು ಬಳಸುವವರು ಎರಡು ವಿಷಯ ಗಮನಿಸಬೇಕು. ಒಂದೇ ಯಂತ್ರದಲ್ಲಿ ವಿಂಡೋಸ್ ಮತ್ತು ಲಿನಕ್ಸ್ ಎರಡೂ ಇದ್ದರೆ, ಮೊದಲನೆಯದು ಗಡಿಯಾರದಲ್ಲಿ ಭಾರತದ ಸಮಯವನ್ನೂ ಎರಡನೆಯದು ಸಾಮಾನ್ಯವಾಗಿ ಯುಟಿಸಿಯನ್ನೂ ಇಡುತ್ತದೆ. ಹೊಂದಿಸದೆ ಬಿಟ್ಟರೆ ಐದೂವರೆ ಗಂಟೆ ತಪ್ಪುತ್ತದೆ. ಇನ್ನು, ಎಸ್3ರಲ್ಲಿ ಮಲಗಿದಾಗ ಕರೆಂಟು ಹೋದರೆ ಮೆಮೊರಿಯಲ್ಲಿದ್ದ ಕೆಲಸವೂ ಹೋಗುತ್ತದೆ. ಯುಪಿಎಸ್ ಇಲ್ಲದ ಕಡೆ ಎಸ್4 ಕ್ಷೇಮ.

ಇಷ್ಟು ಮಾಡಿದರೆ ಉಳಿತಾಯ ದೊಡ್ಡದು. ಸುಮ್ಮನಿದ್ದ ಡೆಸ್ಕ್‌ಟಾಪ್ 50 ವ್ಯಾಟು ಎಳೆಯುತ್ತದೆಂದು ಹಿಡಿದರೂ, ಸಂಜೆ ಆರರಿಂದ ಬೆಳಿಗ್ಗೆ ಎಂಟರವರೆಗೆ ಮೂವತ್ತು ಯಂತ್ರಗಳ ಕಾಲೇಜು ಲ್ಯಾಬೊಂದು ರಾತ್ರಿಗೆ 21 ಯೂನಿಟ್ ಉರಿಸುತ್ತದೆ. ಮಲಗಿದ್ದರೆ ಅದರ ಒಂದು ಸಣ್ಣ ಪಾಲು ಸಾಕು, ಬೆಳಿಗ್ಗೆ ವಿದ್ಯಾರ್ಥಿಗಳು ಬರುವ ಮೊದಲೇ ಯಂತ್ರಗಳು ಎದ್ದಿರುತ್ತವೆ. ಹೊಸದಾಗಿ ಕೊಳ್ಳಬೇಕಾದ್ದು ಏನೂ ಇಲ್ಲ. ಹರಳು, ಚಿಪ್ಪು, ನೇರಳೆ ತಂತಿ, ಎಲ್ಲವೂ ಪ್ರತಿ ಪೆಟ್ಟಿಗೆಯೊಳಗೆ ಈಗಾಗಲೇ ಇವೆ. ಲ್ಯಾಬಿನ ಹೊಣೆ ಹೊತ್ತವರು ಒಂದು ಸಂಜೆ ಕುಳಿತು ಅಲಾರಂ ಇಟ್ಟರೆ ಸಾಕು.