ಮಣ್ಣಿನಲ್ಲಿ ಮಲಗುವ ಮೊಟ್ಟೆ

ಮೀನು ನೋಟದಿಂದ, ಹಕ್ಕಿ ಮೈಶಾಖದಿಂದ, ಆಮೆ ನೆನಪಿನಿಂದ ಮರಿಮಾಡುತ್ತದೆಂದು ಹಿರಿಯರು ಹೇಳುವುದುಂಟು. ಮೊಟ್ಟೆಯಿಟ್ಟ ಆಮೆ ಮತ್ತೆ ಆ ಕಡೆ ತಲೆಹಾಕದಿರುವುದನ್ನು ಕಂಡವರೇ ಈ ಮಾತು ಕಟ್ಟಿರಬೇಕು. ತಾಯಿಗೆ ನೆನಪಿದೆಯೋ ಇಲ್ಲವೋ, ಮರಿಮಾಡುವ ಕೆಲಸ ಮಣ್ಣಿನದು, ಬಿಸಿಲಿನದು, ಮಳೆಯದು.

ತೆಲಂಗಾಣದ ಜಹೀರಾಬಾದು, ನಾರಾಯಣಖೇಡ, ತಾಂಡೂರುಗಳಲ್ಲಿಯೂ ನಮ್ಮಂತೆ ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಬೇರೆ ಭಾಷೆ ಎಂದು ಬಾಳುವ ಕುಟುಂಬಗಳಿವೆ. ಬೀದರಿನ ಮಾಂಜ್ರಾ ನದಿ ನಾರಾಯಣಖೇಡದ ಕಡೆಗೆ ಹರಿದರೆ, ತಾಂಡೂರಿನ ಕಾಗಿಣಾ ಕಲಬುರಗಿ ಜಿಲ್ಲೆಗೆ ಬಂದು ಭೀಮೆಯನ್ನು ಸೇರುತ್ತದೆ. ಆ ಸೀಮೆಯ ಕೆರೆಕುಂಟೆಗಳ ಆಮೆಯನ್ನು ತೆಲುಗರು ತಾಬೇಲು ಎನ್ನುತ್ತಾರೆ. ಅಮೆರಿಕದ ಕಾಡಿನ ಪೆಟ್ಟಿಗೆ ಆಮೆ ಹೆದರಿದಾಗ ಎದೆಚಿಪ್ಪನ್ನು ಮಡಿಸಿ ಇಡೀ ಮೈಯನ್ನು ಮುಚ್ಚಿಕೊಳ್ಳುತ್ತದಂತೆ. ಈ ಕೆರೆಯಾಮೆಗೆ ಅಷ್ಟಿಲ್ಲದಿದ್ದರೂ, ಹಿಂಗಾಲು ಒಳಗೆಳೆದುಕೊಂಡೊಡನೆ ಅವುಗಳ ಮೇಲೆ ಮುಚ್ಚಿಕೊಳ್ಳುವ ಎರಡು ತೊಗಲಿನ ಕದಗಳಿವೆ.

ಹೆಣ್ಣು ಹಿಂಗಾಲಿನಿಂದಲೇ ದಡದಲ್ಲಿ ಗುಳಿ ತೋಡಿ, ಗೋಲಿಯಂತೆ ದುಂಡಗಿನ, ಗಟ್ಟಿ ಸಿಪ್ಪೆಯ ಕೆಲವೇ ಮೊಟ್ಟೆಗಳನ್ನಿಟ್ಟು ಮಣ್ಣು ಮುಚ್ಚಿ ನೀರಿಗಿಳಿಯುತ್ತದೆ. ಕೋಳಿಮೊಟ್ಟೆಗೆ 21 ದಿನ ಸಾಕು. ಇದಕ್ಕೆ ಒಂಬತ್ತು ತಿಂಗಳೂ ಹಿಡಿಯಬಹುದು! ಒಳಗಿನ ಭ್ರೂಣ ಮೊಳೆಯುವ ಮೊದಲೇ ನಿದ್ರೆಗೆ ಜಾರುತ್ತದೆ. ಚಳಿಗಾಲದ ತಂಪು ತಗಲಿ, ಮತ್ತೆ ನೆಲ ಬಿಸಿಯೇರಿದ ಮೇಲೆಯೇ ಅದರ ಬೆಳವಣಿಗೆ ಮುಂದುವರಿಯುವುದು. ಹೀಗಾಗಿ ಮರಿ ಹೊರಬರುವ ಹೊತ್ತಿಗೆ ಮುಂದಿನ ಮಳೆ ಬಂದು ಕುಂಟೆ ತುಂಬಿರುತ್ತದೆ. ಎಂಥ ಲೆಕ್ಕಾಚಾರ ನೋಡಿ!

ಆದರೆ ಬೇಸಗೆ ಮನುಷ್ಯನಿಗೂ ಬೇಕು. ಕೆರೆ ಬತ್ತಿದಾಗಲೇ ಹೂಳೆತ್ತಬೇಕು, ಏರಿ ಸರಿಪಡಿಸಬೇಕು. 2015ರಲ್ಲಿ ಆರಂಭವಾದ ಮಿಷನ್ ಕಾಕತೀಯ ಯೋಜನೆಯಲ್ಲಿ ತೆಲಂಗಾಣದ ಸಾವಿರಾರು ಕೆರೆಗಳ ಹೂಳೆತ್ತಲಾಯಿತು. ರೈತನಿಗೆ ಅದು ಒಳ್ಳೆಯದೇ, ಆ ಕೆಲಸ ಬೇಡವೆಂದು ಯಾರೂ ಹೇಳಲಾರರು. ಕಷ್ಟವೆಂದರೆ, ಯಂತ್ರದ ಬಕೆಟ್ಟು ದಡಕ್ಕೆ ತಗಲುವ ಆ ತಿಂಗಳುಗಳಲ್ಲಿಯೇ ಮೊಟ್ಟೆಗಳು ಅಲ್ಲಿ ಮಲಗಿರುತ್ತವೆ. ಬತ್ತಿದ ಕೆರೆಯ ಕೆಸರಿನಲ್ಲಿ ದೊಡ್ಡ ಆಮೆಗಳೂ ಹುದುಗಿರುತ್ತವೆ.

ನಮ್ಮ ಚಂದ್ರಗಿರಿ ಹೊಳೆಯ ಭೀಮನಾಮೆಯ ಕಥೆಯೂ ಬೇರೆಯಲ್ಲ. ನೆರೆನೀರು ನುಗ್ಗಿದ ಗೂಡುಗಳಿಂದ ಅದರ ಮೊಟ್ಟೆಗಳನ್ನು ಎತ್ತಿ, ಮರಿಮಾಡಿಸಿ, ಹೊಳೆಗೇ ಬಿಟ್ಟದ್ದುಂಟು. ಹೊಳೆಯಂಚಿನ ಜನ ಸುದ್ದಿ ಕೊಡದಿದ್ದರೆ ಇಂಥ ಕೆಲಸ ಸಾಗದು.

ಅಗೆಯುವಾಗ ಇಂಥ ಮೊಟ್ಟೆ ಕಂಡರೆ ಕೈಗೆತ್ತಿ ತಿರುಗಿಸಿ ನೋಡಬೇಡಿ. ಭ್ರೂಣ ಸಿಪ್ಪೆಯ ಒಳಮೈಗೆ ಅಂಟಿಕೊಂಡಿದ್ದರೆ, ಮೇಲುಕೆಳಗಾದಾಗ ಸಾಯಬಹುದು. ಇದ್ದಂತೆಯೇ ಮಣ್ಣು ಮುಚ್ಚಿ, ಒಂದು ಕಡ್ಡಿ ನೆಟ್ಟು ಗುರುತು ಮಾಡಿ, ಅರಣ್ಯ ಇಲಾಖೆಗೆ ತಿಳಿಸಿ. ಮಕ್ಕಳಿಗೆ ಆಡಲೆಂದು ಮರಿಯನ್ನು ಮನೆಗೆ ತಂದು ತೊಟ್ಟಿಯಲ್ಲಿಡುವುದಂತೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ.