ಯಾವ ಊರ ಶರ್ಯತ್ತಿಗೆ ನೊಗ ಹೂಡಬೇಕು?

ಸುಗ್ಗಿ ಮುಗಿಯುತ್ತ ಬಂದಂತೆ ಬೈಲಹೊಂಗಲ, ಸವದತ್ತಿ, ರಾಮದುರ್ಗದ ಕಡೆಯ ರೈತರ ಮೊಬೈಲಿಗೆ ಜಾತ್ರೆಯ ಪೋಸ್ಟರುಗಳು ಬೀಳತೊಡಗುತ್ತವೆ. ಮೇಲೆ ದೇವರ ಫೋಟೊ, ಅದರ ಕೆಳಗೆ ಸ್ವಾಮಿಗಳು, ಅವರ ಕೆಳಗೆ ರಾಜಕಾರಣಿಗಳು, ಎರಡೂ ಬದಿಗೆ ಕಮಿಟಿಯ ಹುಡುಗರ ಸಾಲು ಸಾಲು ಮುಖ. ನಡುವೆ ದಪ್ಪ ಅಕ್ಷರದಲ್ಲಿ ಜೋಡೆತ್ತಿನ ಖಾಲಿ ಗಾಡಾ ಓಡಿಸುವ ಶರ್ಯತ್ತು. ಪ್ರಥಮ ಬಹುಮಾನ ಒಂದು ಬೈಕು, ಆಮೇಲಿನವರಿಗೆ ರೊಕ್ಕ, ಬೆಳ್ಳಿ, ಡಾಲು. ಶರ್ಯತ್ತಿನ ಎತ್ತು ಸಾಕಿದವರು ಇದನ್ನು ಓದುವ ಕ್ರಮವೇ ಬೇರೆ. ಮೊದಲು ತಿಥಿ ನೋಡುತ್ತಾರೆ, ಆಮೇಲೆ ನಿಯಮ, ಆಮೇಲೆ ಎಲ್ಲಕ್ಕಿಂತ ಕೆಳಗಿರುವ ‘ಕಮಿಟಿಯವರ ನಿರ್ಣಯವೇ ಅಂತಿಮ’ ಎಂಬ ಸಾಲು. ಆ ಕಮಿಟಿ ಯಾರದು ಎಂಬುದು ಗೊತ್ತಾದ ಮೇಲೆ ಬೈಕಿನ ಮಾತು.

ಒಂದೇ ಅಮಾಸಿಗೆ ಮೂರು ಊರಲ್ಲಿ ಶರ್ಯತ್ತು ಬಿದ್ದರೆ ಒಂದು ಜೋಡಿ ಎಲ್ಲಿಗೆ ಹೋಗಬೇಕು? ದೊಡ್ಡ ಬಹುಮಾನ ಇರುವಲ್ಲಿಗೆ ಎಂದು ಪೇಟೆಯವರು ಥಟ್ಟನೆ ಹೇಳಿಬಿಡಬಹುದು. ಹಾಗೆ ಹೋಗುವವರು ಇಲ್ಲವೆಂದಲ್ಲ. ಆದರೆ ಈ ಆಯ್ಕೆಯ ಬೇರು ಇರುವುದು ಬಹುಮಾನದಲ್ಲಲ್ಲ, ಎರಿಮಣ್ಣಿನಲ್ಲಿ.

ಮಲಪ್ರಭೆಯ ಎರಡೂ ದಂಡೆಗೆ ಹಬ್ಬಿದ ಎರಿಭೂಮಿ ಮಳೆ ಬಿದ್ದರೆ ಕಾಲಿಗೆ ಮೆತ್ತಿಕೊಂಡು ಬಿಡದ ಮಣ್ಣು. ಒಣಗಿದರೆ ಅಂಗೈ ಹೋಗುವಷ್ಟು ಬಿರಿಯುತ್ತದೆ. ಇಂಥ ನೆಲದಲ್ಲಿ ರಂಟೆ ಹೊಡೆಯಲು ಒಂದು ಬಗೆಯ ಎತ್ತು ಬೇಕು, ಊರಿಂದ ಊರಿಗೆ ಚಕ್ಕಡಿ ಓಡಿಸಲು ಇನ್ನೊಂದು ಬಗೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಸಾಂಗ್ಲಿ ಸೀಮೆಯ ಸಂಸ್ಥಾನಿಕರು ಗುಜರಾತಿನ ಗಿರ್, ಆಂಧ್ರದ ಓಂಗೋಲ್ ಮೊದಲಾದ ತಳಿಗಳನ್ನು ಇಲ್ಲಿನ ದನಗಳೊಂದಿಗೆ ಕೂಡಿಸಿ ಕೃಷ್ಣಾ ತೀರದ ತಳಿ ಬೆಳೆಸಿದ್ದು ಇದೇ ಮಣ್ಣಿಗಾಗಿ: ಭಾರಿ ಮೈ, ನಿಧಾನ ಹೆಜ್ಜೆ, ಜಗ್ಗಿದರೆ ಜಗ್ಗಿದ್ದೇ. ಅದಕ್ಕೆ ಎದುರಾಗಿ ಕಿಲಾರಿ. ಬೆಳಗಾವಿ, ಬಾಗಲಕೋಟೆ, ವಿಜಯಪುರದಿಂದ ಸೋಲಾಪುರ, ಸಾಂಗ್ಲಿ, ಸಾತಾರದವರೆಗೆ ಕಾಣುವ ಬಿಳಿ ಮೈಯ, ಬಿಗಿ ಕಾಲಿನ, ಸಿಡುಕು ಸ್ವಭಾವದ ಓಟಗಾರ ಎತ್ತು.

ನಮ್ಮ ಕಡೆಯ ಪಂದ್ಯಗಳು ಎರಡಾಗಿ ಒಡೆದದ್ದೂ ಈ ಗೆರೆಯ ಮೇಲೆಯೇ. ತೆರಬಂಡಿಯಲ್ಲಿ ಭಾರ ಹೇರಿದ ಬಂಡಿಯನ್ನು ಗೊತ್ತಾದ ವೇಳೆಯೊಳಗೆ ಎಷ್ಟು ದೂರ ಎಳೆದವು ಎಂಬುದು ಲೆಕ್ಕ. ಅಲ್ಲಿ ಗೆಲ್ಲುವುದು ಹೆಗಲು. ಖಾಲಿ ಗಾಡಾದಲ್ಲಿ ಜೋಡಿಗಳು ಒಂದೊಂದಾಗಿ ಓಡುತ್ತವೆ. ಸೀಟಿ ಊದಿದಾಗಿನಿಂದ, ಸಾಮಾನ್ಯವಾಗಿ ಒಂದು ನಿಮಿಷದಲ್ಲಿ, ಎಷ್ಟು ಅಡಿ ಓಡಿದವು ಎಂದು ಟೇಪು ಹಿಡಿದು ಅಳೆಯುತ್ತಾರೆ. ಇನ್ನು ಚಿಕ್ಕೋಡಿ, ರಾಯಬಾಗ, ಅಥಣಿ ಕಡೆ ಹೋದರೆ ರಸ್ತೆ ಶರ್ಯತ್ತು: ಗಾಡಿಗಳೆಲ್ಲ ಒಟ್ಟಿಗೇ ಹೊರಟು ಕಿಲೋಮೀಟರುಗಟ್ಟಲೆ ಓಡುತ್ತವೆ. ಅಲ್ಲಿ ಕುದುರೆ ಗಾಡಿಯದೊಂದು ಪಂದ್ಯ, ಒಂದೇ ನೊಗಕ್ಕೆ ಒಂದು ಕುದುರೆ, ಒಂದು ಎತ್ತು ಕಟ್ಟಿ ಓಡಿಸುವ ವಿಚಿತ್ರ ಪಂದ್ಯವೂ ಒಂದು. ಇಷ್ಟಾದ ಮೇಲೆ ತೆರಬಂಡಿಗೆ ಸಾಕಿದ ಜೋಡಿಯ ಯಜಮಾನ ಖಾಲಿ ಗಾಡಾದ ಪೋಸ್ಟರಿನ ಬೈಕು ನೋಡಿ ಏನು ಮಾಡಿಯಾನು? ಅವನ ಮಟ್ಟಿಗೆ ಅರ್ಧ ಜಿಲ್ಲೆಯ ಶರ್ಯತ್ತುಗಳು ಶುರುವಿಗೇ ಬಾದು, ಅಂದರೆ ಲೆಕ್ಕದಿಂದ ಹೊರಗೆ.

ಆಮೇಲೆ ಹಲ್ಲು. ಹಾಲಹಲ್ಲು, ಎರಡಹಲ್ಲು, ನಾಲ್ಕಹಲ್ಲು, ಬಾಯಿಗೂಡಿದ್ದು ಎಂದು ಎತ್ತಿನ ವಯಸ್ಸನ್ನು ಬಾಯಿ ತೆರೆದು ಓದುವ ವಿದ್ಯೆ ದನದ ಪೇಟೆಯದು. ಅದೇ ಶರ್ಯತ್ತಿಗೂ ಬಂತು. ಹಲ್ಲಿನ ಪ್ರಕಾರ ಗುಂಪು ಮಾಡುವ ಕಮಿಟಿಗೆ ಎಳೆಯ ಹೋರಿಗಳು ಹೋಗುತ್ತವೆ. ಎಲ್ಲರಿಗೂ ಒಂದೇ ಕಣ ಎನ್ನುವ ಕಮಿಟಿಗೆ ಪಳಗಿದ ಜೋಡಿಗಳಷ್ಟೇ. ಹೊಸದಾಗಿ ಎತ್ತು ಕಟ್ಟಿದವನು ಮೊದಲ ವರ್ಷ ತನ್ನ ಊರಿನ ಸುತ್ತಲೇ ಓಡಿಸುತ್ತಾನೆ. ಗದ್ದಲ, ಸಿಳ್ಳೆ, ಡೊಳ್ಳಿನ ಸಪ್ಪಳಕ್ಕೆ ಹೋರಿ ಬೆದರದಂತೆ ಆಗಲಿ ಎಂಬುದು ಒಂದು ಕಾರಣ. ಸೋತರೆ ದೂರದವರ ಮುಂದೆ ಸೋಲಬಾರದು ಎಂಬುದು ಯಾರೂ ಬಾಯಿಬಿಟ್ಟು ಹೇಳದ ಇನ್ನೊಂದು.

ವೇಳಾಪಟ್ಟಿಯನ್ನು ಬರೆದವರು ಯಾವ ಸಂಘಟನೆಯವರೂ ಅಲ್ಲ. ಹಿಂಗಾರಿ ಜೋಳ, ಕಡಲೆ ಬಿತ್ತುವುದು ಸೆಪ್ಟೆಂಬರ್-ಅಕ್ಟೋಬರಿನಲ್ಲಿ. ಕೊಯ್ದು ರಾಶಿ ಮಾಡುವ ಹೊತ್ತಿಗೆ ಫೆಬ್ರುವರಿ, ಮಾರ್ಚ್. ಅಲ್ಲಿಂದ ರೋಹಿಣಿ ಮಳೆಯವರೆಗೆ ಎತ್ತಿಗೆ ಹೊಲದಲ್ಲಿ ಹೇಳಿಕೊಳ್ಳುವಂಥ ಕೆಲಸವಿಲ್ಲ. ಮನೆಯಲ್ಲಿ ಹೊಸ ಕಣಿಕೆ, ಕೈಯಲ್ಲಿ ನಾಲ್ಕು ಕಾಸು. ಹೆಚ್ಚಿನ ಜಾತ್ರೆಗಳು ಈ ಖಾಲಿ ತಿಂಗಳುಗಳಿಗೇ ಬಂದು ಕೂತವು, ಜಾತ್ರೆಯ ಬೆನ್ನು ಹತ್ತಿ ಶರ್ಯತ್ತು. ಸುಗ್ಗಿಗೂ ಮುಂಚೆ ಬರುವವೂ ಕೆಲವಿವೆ: ರಾಮದುರ್ಗ ತಾಲ್ಲೂಕಿನ ಗೊಡಚಿಯ ವೀರಭದ್ರೇಶ್ವರ ಜಾತ್ರೆ ಹೊಸ್ತಿಲ ಹುಣ್ಣಿಮೆಯ ಸುಮಾರಿಗೆ ಬರುತ್ತದೆ. ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಬನದ ಹುಣ್ಣಿಮೆಗೆ, ಭರತ ಹುಣ್ಣಿಮೆಗೆ ಜನ ಚಕ್ಕಡಿ ಕಟ್ಟಿಕೊಂಡು ಹೋಗುತ್ತಿದ್ದರು; ಈಗಲೂ ಹೋಗುವವರಿದ್ದಾರೆ. ಆ ದಾರಿಯೇ ಒಂದು ಶರ್ಯತ್ತು. ಹಿಂದಿನ ಚಕ್ಕಡಿ ಮುಂದಾದರೆ ತಡೆದುಕೊಳ್ಳುವ ಒಕ್ಕಲಿಗ ನಮ್ಮ ಕಡೆ ಇನ್ನೂ ಹುಟ್ಟಿಲ್ಲ. ಯುಗಾದಿ, ದವನದ ಹುಣ್ಣಿಮೆ, ಬಸವ ಜಯಂತಿ ದಾಟಿ ಜೂನಿನ ಕಾರಹುಣ್ಣಿಮೆಗೆ ಈ ಸರಣಿ ಮುಗಿಯುತ್ತದೆ.

ಕಾರಹುಣ್ಣಿಮೆಯ ಓಟ ಇವೆಲ್ಲಕ್ಕಿಂತ ಹಳೆಯದಿರಬೇಕು. ಸಂಜೆ ಅಗಸಿಯಲ್ಲಿ ಕರಿ ಎಂಬ ತೋರಣ ಕಟ್ಟಿ, ಶೃಂಗರಿಸಿದ ಎತ್ತುಗಳನ್ನು ಓಡಿಸಿ ಅದನ್ನು ಹರಿಯುತ್ತಾರೆ. ಹಲವು ಊರುಗಳಲ್ಲಿ ಬಿಳಿ ಎತ್ತು ಮುಂದಾದರೆ ಹಿಂಗಾರಿ ಚಲೋ, ಕೆಂದೆತ್ತು ಮುಂದಾದರೆ ಮುಂಗಾರಿ ಚಲೋ ಎಂದು ಲೆಕ್ಕ ಹಾಕುತ್ತಾರೆ. ಅಲ್ಲಿ ಪ್ರವೇಶ ಫೀ ಇಲ್ಲ, ಟೇಪು ಇಲ್ಲ, ಬೇರೆ ಊರಿನ ಎತ್ತಿಗೆ ಜಾಗವೂ ಇಲ್ಲ. ಗೆದ್ದವನಿಗೆ ಸಿಗುವುದು ಊರ ಮುಂದೆ ಒಂದು ಸಂಜೆಯ ಮೆರವಣಿಗೆ. ಶರ್ಯತ್ತಿನ ಎತ್ತುಗಳು ವರ್ಷವಿಡೀ ಪರಊರು ಸುತ್ತಿದರೂ ಆ ದಿನ ಮಾತ್ರ ತಮ್ಮ ಅಗಸಿಯಲ್ಲೇ ಇರಬೇಕು. ಯಾವ ಕಮಿಟಿಯೂ ಕಾರಹುಣ್ಣಿಮೆಗೆ ದೊಡ್ಡ ಶರ್ಯತ್ತು ಇಟ್ಟು ಗೆಲ್ಲಲಾರದು.

ಇದಕ್ಕೆ ಹೋಲಿಸಿದರೆ ಕಿತ್ತೂರು ಉತ್ಸವದ ತಾರೀಖು ಬೇರೆ ಜಾತಿಯದು. 1824ರ ಅಕ್ಟೋಬರ್ 23ರಂದು ರಾಣಿ ಚನ್ನಮ್ಮನ ಸೈನ್ಯ ಬ್ರಿಟಿಷ್ ಅಧಿಕಾರಿ ಥ್ಯಾಕರೆಯ ಪಡೆಯನ್ನು ಸೋಲಿಸಿದ ದಿನಕ್ಕೆ ಅದು ಕಟ್ಟುಬಿದ್ದಿದೆ. ಇತಿಹಾಸದ ಲೆಕ್ಕಕ್ಕೆ ಸರಿ. ಆದರೆ ಚಂದ್ರನಿಗೂ ಕೂರಿಗೆಗೂ ಆ ದಿನದ ಜತೆ ಸಂಬಂಧವಿಲ್ಲ. ಹೊಲದಲ್ಲಿ ಹಿಂಗಾರಿ ಬಿತ್ತಿಗೆ ನಡೆದಿರುತ್ತದೆ. ಮನುಷ್ಯರು ಹೇಗೋ ಬಿಡುವು ಮಾಡಿಕೊಂಡು ಉತ್ಸವದ ಕುಸ್ತಿ ನೋಡಲು ಹೋಗುತ್ತಾರೆ. ಎತ್ತುಗಳಿಗೆ ರಜೆ ಸಿಗುವುದಿಲ್ಲ.

ಕಮಿಟಿಯ ಮಾತಿಗೆ ಬರೋಣ. ‘ಕಮಿಟಿ ಚಲೋ ಐತೇನೋ ತಮ್ಮಾ?’ ಎಂಬ ಒಂದು ಪ್ರಶ್ನೆಯಲ್ಲಿ ಹಲವು ಪ್ರಶ್ನೆಗಳಿವೆ. ಚೀಟಿ ಎತ್ತುವಾಗ ಎಲ್ಲರ ಮುಂದೆ ಎತ್ತುತ್ತಾರೋ, ಇಲ್ಲ ತಮ್ಮೂರ ಜೋಡಿಗೆ ಕಣ ಗಟ್ಟಿಯಿರುವ ಮುಂಜಾನೆಯ ಸರದಿ ಸಿಗುವಂತೆ ನೋಡಿಕೊಳ್ಳುತ್ತಾರೋ? ಮಧ್ಯಾಹ್ನದ ಹೊತ್ತಿಗೆ ನೂರಾರು ಗೊರಸು ತುಳಿದ ಮಣ್ಣು ಹಿಟ್ಟಾಗಿರುತ್ತದೆ, ಬಿಸಿಲು ಬೇರೆ. ಅದೇ ಜೋಡಿ ಮುಂಜಾನೆ ಓಡಿದ್ದಕ್ಕೂ ಆಗ ಓಡಿದ್ದಕ್ಕೂ ಅಂತರ ಬಿದ್ದೇ ಬೀಳುತ್ತದೆ. ಸೀಟಿಯವನು, ಗಡಿಯಾರದವನು, ಟೇಪಿನವನು ಒಂದೇ ಮನೆತನದವರೋ? ಗಾಡಿ ಗೆರೆ ದಾಟಿ ಪಕ್ಕಕ್ಕೆ ಸರಿದರೆ ಬಾದು ಮಾಡುವ ನಿಯಮ ಊರವರಿಗೂ ಅನ್ವಯಿಸುತ್ತದೋ? ಬಹುಮಾನದ ಬೈಕಿನ ಕಾಗದ ಪತ್ರ ಅದೇ ದಿನ ಕೈಗೆ ಬರುತ್ತದೋ, ಇಲ್ಲ ಮುಂದಿನ ಜಾತ್ರೆಯವರೆಗೆ ತಿರುಗಬೇಕೋ? ದೂರದಿಂದ ಬಂದ ಎತ್ತಿಗೆ ನೆರಳು, ನೀರು, ಮೇವು, ಆಳಿಗೆ ಊಟ ಇದೆಯೋ?

ಈ ಮಾಹಿತಿ ಯಾವ ಪೋಸ್ಟರಿನಲ್ಲೂ ಇರುವುದಿಲ್ಲ. ಅದು ಓಡಾಡುವುದು ದನದ ಪೇಟೆಯಲ್ಲಿ, ಚಹಾದಂಗಡಿಯಲ್ಲಿ, ಹಿಂಡಿ ಅಂಗಡಿಯ ಕಟ್ಟೆಯಲ್ಲಿ. ಒಂದು ಸಲ ಅಳತೆಯಲ್ಲಿ ಕೈಚಳಕ ತೋರಿಸಿದ ಕಮಿಟಿ ಮರುವರ್ಷ ಬಹುಮಾನ ಎರಡು ಪಟ್ಟು ಮಾಡಿದರೂ ಒಳ್ಳೆಯ ಜೋಡಿಗಳು ಆ ಕಡೆ ಮುಖ ಮಾಡುವುದಿಲ್ಲ. ಬಹುಮಾನ ಅತಿಯಾಗಿ ಏರಿದ ಕಡೆ ಅನುಭವಿಗಳು ಸ್ವಲ್ಪ ಅನುಮಾನದಿಂದಲೇ ನೋಡುತ್ತಾರೆ. ಇದು ಸರಿಯಾದ ಅನುಮಾನ ಎಂದೇ ನನಗನ್ನಿಸುತ್ತದೆ. ಹೆಸರು ಕೆಟ್ಟ ಕಮಿಟಿಗೆ ಜನ ಸೇರಿಸಲು ಉಳಿಯುವ ದಾರಿ ಅದೊಂದೇ.

ಕಾನೂನು ಈ ಲೆಕ್ಕಾಚಾರಕ್ಕೆ ಬಂದದ್ದು ತಡವಾಗಿ, ಬಂದಾಗ ದೊಡ್ಡದಾಗಿಯೇ ಬಂತು. 2011ರ ಜುಲೈನಲ್ಲಿ ಕೇಂದ್ರ ಪರಿಸರ ಸಚಿವಾಲಯ ಪ್ರದರ್ಶನಕ್ಕೆ ಬಳಸಬಾರದ ಪ್ರಾಣಿಗಳ ಪಟ್ಟಿಗೆ ಹೋರಿಯನ್ನು ಸೇರಿಸಿತು. 2014ರ ಮೇ 7ರಂದು ನಾಗರಾಜ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಜಲ್ಲಿಕಟ್ಟಿನ ಜತೆಗೆ ಎತ್ತಿನ ಗಾಡಿ ಓಟಕ್ಕೂ ತಡೆ ಹಾಕಿತು. ಆ ವರ್ಷದ ಬಸವ ಜಯಂತಿ ಮೇ 2ಕ್ಕೇ ಆಗಿಹೋಗಿತ್ತು. ಅಲ್ಲಿಂದ ಮುಂದೆ ಪೋಸ್ಟರ್ ಎಂದರೆ ಕಮಿಟಿಯವರು ತಮ್ಮ ವಿರುದ್ಧ ತಾವೇ ಬರೆದುಕೊಟ್ಟ ಸಾಕ್ಷಿ. 2017ರ ಜನವರಿಯಲ್ಲಿ ಚೆನ್ನೈನ ಮರೀನಾ ದಂಡೆಯ ಮೇಲೆ ಜಲ್ಲಿಕಟ್ಟಿಗಾಗಿ ಜನ ಕೂತರು. ಅದರ ಬೆನ್ನಿಗೇ ಕರಾವಳಿಯವರು ಕಂಬಳಕ್ಕಾಗಿ ಎದ್ದರು. ಅದೇ ವರ್ಷ ನಮ್ಮ ಶಾಸನಸಭೆ ಪ್ರಾಣಿ ಹಿಂಸೆ ತಡೆ ಕಾಯ್ದೆಗೆ ತಂದ ತಿದ್ದುಪಡಿಯಲ್ಲಿ ಕಂಬಳದ ಪಕ್ಕದಲ್ಲೇ ಎತ್ತಿನ ಓಟ, ಎತ್ತಿನ ಗಾಡಿ ಓಟವೂ ಸೇರಿತು. ಬೆಳಗಾವಿಯ ಎತ್ತುಗಳು ಕರಾವಳಿಯ ಕೋಣಗಳ ಹಿಂದೆ ನಡೆದು ಕಾನೂನಿನೊಳಗೆ ಬಂದವು ಎನ್ನಬೇಕು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಪೀಠ ತಮಿಳುನಾಡು, ಕರ್ನಾಟಕ, ಮಹಾರಾಷ್ಟ್ರಗಳ ತಿದ್ದುಪಡಿಗಳನ್ನು ಎತ್ತಿಹಿಡಿದ ಮೇಲೆ ವಿಷಯ ಒಂದು ನೆಲೆಗೆ ನಿಂತಿತು.

ಗಡಿ ಜಿಲ್ಲೆಗೆ ಇದರಲ್ಲಿ ಇನ್ನೊಂದು ತಿರುವಿತ್ತು. ಮಹಾರಾಷ್ಟ್ರವೂ 2017ರಲ್ಲಿ ತಿದ್ದುಪಡಿ ತಂದಿತ್ತು, ಆದರೆ ಬಾಂಬೆ ಹೈಕೋರ್ಟ್ ತಡೆದದ್ದರಿಂದ ಅಲ್ಲಿ ಶರ್ಯತ್ತಿಗೆ ಬಾಗಿಲು ತೆರೆದದ್ದು 2021ರ ಡಿಸೆಂಬರ್ 16ರ ಸುಪ್ರೀಂ ಕೋರ್ಟ್ ಆದೇಶದ ನಂತರ. ನಡುವಿನ ವರ್ಷಗಳಲ್ಲಿ ಗಡಿಯ ಈಚೆ ಒಂದು ಕಾನೂನು, ಆಚೆ ಒಂದು. ಆಚೆಯ ಬಾಗಿಲು ತೆರೆದ ಮೇಲೆ ಸಾಂಗ್ಲಿ, ಕೊಲ್ಹಾಪುರ ಕಡೆಯ ಭಾರಿ ಬಹುಮಾನಗಳ ಸುದ್ದಿ ಈಚೆಗೆ ಬರತೊಡಗಿತು. ಅಷ್ಟರಲ್ಲಿ 2022ರಲ್ಲಿ ಚರ್ಮಗಂಟು ರೋಗ ಬಂದು ದನದ ಜಾತ್ರೆಗಳೇ ನಿಂತವು. ಕೋರ್ಟು ಬಿಟ್ಟದ್ದನ್ನು ರೋಗ ಹಿಡಿಯಿತು.

ಅನುಮತಿ ಸಿಕ್ಕಿತು ಎಂದ ಮಾತ್ರಕ್ಕೆ ಆಕ್ಷೇಪಗಳು ಸುಳ್ಳಾಗುವುದಿಲ್ಲ. ಬಾರಕೋಲಿಗೆ ಮೊಳೆ ಬಡಿಯುವುದು, ಬಾಲ ಹಿಚುಕುವುದು, ಬ್ಯಾಟರಿಯಿಂದ ಶಾಕ್ ಕೊಡುವುದು ಯಾರ ಸಂಪ್ರದಾಯವೂ ಅಲ್ಲ. ಕೋಲು ಕಂಡರೆ ಜೋಡಿಯನ್ನು ಬಾದು ಮಾಡುವ ಕಮಿಟಿಗಳಿವೆ. ಮಕ್ಕಳಂತೆ ಎತ್ತು ಸಾಕಿದವರು ಅಂಥ ಕಣವನ್ನೇ ಹುಡುಕಿ ಹೋಗುತ್ತಾರೆ, ಯಾಕೆಂದರೆ ಅಲ್ಲಿ ಗೆಲ್ಲುವುದು ಹೊಡೆತವಲ್ಲ, ಮೇವು. ಹತ್ತಿಕಾಳು, ಹುರುಳಿ, ಉದ್ದಿನ ಹಿಟ್ಟು, ಹಾಲು, ತತ್ತಿ ಎಂದು ಅವರು ಹಾಕುವ ಖರ್ಚನ್ನು ಯಾವ ಬಹುಮಾನವೂ ತುಂಬಿಕೊಡುವುದಿಲ್ಲ. ತುಂಬಿಕೊಡಬಹುದಾದದ್ದು ಒಂದೇ, ಗೆದ್ದ ಎತ್ತಿನ ಬೆಲೆ. ಹೆಸರಾದ ಕಣದಲ್ಲಿ ಗೆದ್ದರೆ ಆ ಬೆಲೆ ಏರುತ್ತದೆ. ಮಾರಲು ಮನಸ್ಸಿಲ್ಲದವನಿಗೆ ಅದೂ ಬರಿ ಕಾಗದದ ಲಾಭ.

ಹಿಂದೆ ಶರ್ಯತ್ತಿನ ಎತ್ತು ನಡೆದೇ ಹೋಗಬೇಕಿತ್ತು. ನಡೆದು ದಣಿದ ಎತ್ತು ಓಡಲಾರದು, ಹೀಗಾಗಿ ಅದರ ಲೋಕ ಅರ್ಧ ದಿನದ ದಾರಿಯಷ್ಟೇ. ಪಿಕಪ್ ಗಾಡಿ ಬಂದ ಮೇಲೆ ಬೈಲಹೊಂಗಲದ ಎತ್ತು ರಾತ್ರಿ ಹತ್ತಿ ಮುಂಜಾನೆ ಮುಧೋಳದಲ್ಲೋ ಜಮಖಂಡಿಯಲ್ಲೋ ಇಳಿಯಬಹುದು. ಆಯ್ಕೆ ಮಾಡುವ ಕಷ್ಟ ನಿಜವಾಗಿ ಶುರುವಾದದ್ದು ಇಲ್ಲಿಂದ. ಅರ್ಧ ದಿನದ ದಾರಿಯೊಳಗಿನ ಕಮಿಟಿಯವರೆಲ್ಲ ಬೀಗರು, ನೆಂಟರು. ಡೀಸೆಲ್ಲಿನ ದೂರದಲ್ಲಿರುವವರು ಅಪರಿಚಿತರು.

ಶರ್ಯತ್ತಿನ ಪಕ್ಕದಲ್ಲಿ ಬೈಕು ಓಡಿಸುತ್ತ ಎತ್ತನ್ನು ಹುರಿದುಂಬಿಸುವ ಹುಡುಗರನ್ನು ರಸ್ತೆ ಪಂದ್ಯ ನೋಡಿದವರೆಲ್ಲ ಬಲ್ಲರು. ಅಪಾಯದ ಕೆಲಸ. ಇವರೇಕೆ ನೇರವಾಗಿ ಬೈಕಿನ ರೇಸಿಗೇ ಹೋಗಬಾರದು? ಹೋಗಬೇಕೆಂದರೆ ಚೆನ್ನೈ ಬಳಿಯ ಇರುಂಗಟ್ಟುಕೋಟೈ ಟ್ರ್ಯಾಕು, ಇಲ್ಲ ಕೊಯಮತ್ತೂರಿನ ಕಾರಿ ಟ್ರ್ಯಾಕು. ರಾಷ್ಟ್ರೀಯ ಮೋಟಾರ್ ಕ್ರೀಡಾ ಒಕ್ಕೂಟದ ಲೈಸೆನ್ಸು, ಚರ್ಮದ ಪೋಷಾಕು, ಹೆಲ್ಮೆಟ್ಟು, ಟೈರಿನ ಖರ್ಚು. ಅದಕ್ಕೇ ಅಲ್ಲಿನ ಹವ್ಯಾಸಿಗಳಲ್ಲಿ ಹಲವರು ಟಿವಿಎಸ್, ಹೋಂಡಾದಂಥ ಕಂಪನಿಗಳ ಸರಣಿಗಳತ್ತ ವಾಲುತ್ತಾರೆ. ಎಲ್ಲರಿಗೂ ಒಂದೇ ಬಗೆಯ ಬೈಕನ್ನು ಕಂಪನಿಯೇ ಕೊಡುವುದರಿಂದ ಎಂಜಿನ್ನಿನ ಜಗಳವಿಲ್ಲ. ಟ್ರ್ಯಾಕಿನಲ್ಲೂ ಓಡುವವನು ಹುಡುಕುವುದು ಖರ್ಚು ಕಡಿಮೆ ಇರುವ, ಅಳತೆ ನ್ಯಾಯವಾಗಿರುವ ಜಾಗವನ್ನೇ. ಆದರೆ ರೇಸಿನ ಬೈಕನ್ನು ಶೆಡ್ಡಿನಲ್ಲಿ ನಿಲ್ಲಿಸಿದರೆ ಮುಂದಿನ ಸೀಸನ್ನಿಗೂ ಅದು ಅದೇ ಬೈಕು. ಎತ್ತಿನ ಹಲ್ಲು ಯಾರಿಗೂ ಕಾಯುವುದಿಲ್ಲ. ಬಾಯಿಗೂಡಿದ ಮೇಲೆ ಕೆಲವೇ ವರ್ಷ ಅದರ ಉತ್ತಮ ಓಟ, ಅಷ್ಟರೊಳಗೆ ಯಾವ ಹುಣ್ಣಿಮೆ ಯಾವ ಊರಿಗೆ ಎಂದು ಲೆಕ್ಕ ಹಾಕಬೇಕು.

ಈಚಿನ ಪೋಸ್ಟರುಗಳಲ್ಲಿ ಎತ್ತಿನ ಶರ್ಯತ್ತಿನ ಕೆಳಗೆ ಹೊಸ ಪಂದ್ಯವೂ ಕಾಣುತ್ತದೆ: ಟ್ರೇಲರ್ ಸಮೇತ ಟ್ರ್ಯಾಕ್ಟರ್ ರಿವರ್ಸ್ ಹೊಡೆಯುವ ಸ್ಪರ್ಧೆ. ಮೇವಿನ ಖರ್ಚಿಲ್ಲ, ಹಲ್ಲು ನೋಡುವ ಕೆಲಸವಿಲ್ಲ, ಪಶುವೈದ್ಯರನ್ನು ಕರೆಯುವ ಗೊಡವೆಯಿಲ್ಲ. ಟ್ರ್ಯಾಕ್ಟರಿಗೆ ಹಿಂಗಾರಿ-ಮುಂಗಾರಿಯ ಹಂಗೂ ಕಡಿಮೆ. ಕಮಿಟಿಯವರಿಗೆ ಇದು ಸಲೀಸು, ಹುಡುಗರಿಗೂ ಇಷ್ಟ. ಆದರೂ ಅಲ್ಲಿ ಟೇಪು, ಗಡಿಯಾರ ಹಿಡಿಯುವವರು ಅದೇ ಕಮಿಟಿಯವರೇ. ಹೆಸರು ಕೊಡುವ ಮುಂಚೆ ಟ್ರ್ಯಾಕ್ಟರಿನ ಹುಡುಗರೂ ಹಿಂಡಿ ಅಂಗಡಿಯ ಕಟ್ಟೆಗೆ ಬಂದು ಕೇಳಿ ಹೋಗುತ್ತಾರೆ.