ತುಂಬು ಎಂದರೆ ಎಷ್ಟು?

ದಿನಕ್ಕೆ ಎಷ್ಟು ಸಲ ‘ತುಂಬ’ ಎನ್ನುತ್ತೇವೆಂದು ಎಂದಾದರೂ ಎಣಿಸಿದ್ದೀರಾ? ತುಂಬು ಕುಟುಂಬ, ತುಂಬು ಗರ್ಭಿಣಿ, ಕಣ್ತುಂಬ ನಿದ್ದೆ, ಕೈತುಂಬ ಕೆಲಸ. ಸಾರು ‘ತುಂಬ ಖಾರ’ ಎನ್ನುವಾಗ ಮಾತ್ರ ಪೂರ್ಣತೆಯ ಅರ್ಥ ಸವೆದು ಬರೀ ‘ಬಹಳ’ ಉಳಿದಿರುತ್ತದೆ.

ತಮಿಳುನಾಡಿನ ತೇನಿ, ದಿಂಡುಕ್ಕಲ್ ಜಿಲ್ಲೆಗಳಲ್ಲಿ ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು ಆಡುವ ಕಪ್ಪಿಲಿಯರ್ ಕುಟುಂಬಗಳಿವೆ. ಹೊಸ್ತಿಲು ದಾಟಿದರೆ ಅವರ ‘ತುಂಬು’ ‘ನಿರೈ’ ಆಗುತ್ತದೆ. ಅದು ನಮ್ಮ ಹಳಗನ್ನಡದ ‘ನೆರೆ’ಯ ಒಡಹುಟ್ಟು. ತಮಿಳಿನಲ್ಲಿ ‘ತುಂಬು’ ಎಂದರೆ ನಾರು! ಗಾದೆ ಮಾತ್ರ ಒಂದೇ: ಇಲ್ಲಿ ತುಂಬಿದ ಕೊಡ ತುಳುಕುವುದಿಲ್ಲ, ಅಲ್ಲಿ ‘ನಿರೈಕುಡಂ ತಳುಂಬಾದು’.

ತೇನಿ ಜಿಲ್ಲೆಯ ಕಂಬಂ ಕಣಿವೆಯಲ್ಲಿ ಕೊಡಕ್ಕಿಂತ ದೊಡ್ಡ ಪಾತ್ರೆಯೊಂದರ ಚಿಂತೆಯಿದೆ. ಪೆನ್ನಿಕ್ವಿಕ್ ಎಂಬ ಎಂಜಿನಿಯರ್ 1895ರಲ್ಲಿ ಕಟ್ಟಿ ಮುಗಿಸಿದ ಮುಲ್ಲಪೆರಿಯಾರ್ ಅಣೆಕಟ್ಟು ಇರುವುದು ಕೇರಳದಲ್ಲಿ. ನೀರು ಸುರಂಗದಲ್ಲಿ ಬೆಟ್ಟ ದಾಟಿ ಈ ಕಣಿವೆಯ ಗದ್ದೆಗಳಿಗೆ ಬರುತ್ತದೆ. ಪೂರ್ಣ ಮಟ್ಟ 152 ಅಡಿ. ಸುರಕ್ಷತೆಯ ಭಯದಿಂದ 1979ರಲ್ಲಿ 136ಕ್ಕೆ ಇಳಿಸಿದರು. 2014ರಲ್ಲಿ ಸುಪ್ರೀಂ ಕೋರ್ಟ್ 142ರವರೆಗೆ ಒಪ್ಪಿತು. ಹಾಗಾದರೆ ‘ತುಂಬಿತು’ ಎನ್ನುವುದು ಯಾವಾಗ? ಕಣಿವೆಯ ರೈತನಿಗೆ 142 ಎಂದರೆ ಇನ್ನೂ ಹತ್ತು ಅಡಿ ಖಾಲಿ. ಅಣೆಕಟ್ಟಿನ ಕೆಳಗೆ, ಇಡುಕ್ಕಿಯ ಹೊಳೆದಂಡೆಯಲ್ಲಿ ಮಕ್ಕಳನ್ನು ಮಲಗಿಸುವ ತಾಯಿಗೆ ಅದೇ 142 ತುಂಬ ಹೆಚ್ಚು. ನನಗಂತೂ ಇಬ್ಬರಲ್ಲಿ ಯಾರ ಮಾತೂ ಸುಳ್ಳೆನಿಸುವುದಿಲ್ಲ. ಮಳೆಗಾಲ ಬಂತೆಂದರೆ ಇಬ್ಬರೂ ಬೆಳಿಗ್ಗೆ ಎದ್ದು ಪೇಪರಿನಲ್ಲಿ ಹುಡುಕುವುದು ಅದೇ ನೀರಿನ ಮಟ್ಟವನ್ನು.